ದೋಸ್ತಗ ಒಂದು ಪತ್ರ: ನಮ್ಮ ಮಾತು ಪರದೆ ಮ್ಯಾಲ ಕೇಳಿದ ದಿನ

ಸಿಂಧನೂರು

ಪ್ರೀತಿಯ ದೋಸ್ತ,

ಹ್ಯಾಂಗದಿ? ಇಲ್ಲಿ ಎಲ್ಲಾರೂ ಅರಾಮ. ಭತ್ತದ ಕಟಾವು ಮುಗದೈತಿ, ಎರಡನೇ ಬೆಳಿಗೆ ಕಾಲುವಿ ನೀರಿನ ಚಿಂತಿ ಹತ್ತೈತಿ. ಫೋನ್ ಮಾಡಿದಾಗೆಲ್ಲ "ಯಾವ ಸಿನಿಮಾ ನೋಡಿದೆಲೇ" ಅಂತ ಕೇಳ್ತಿ. ನಾ "ಆಮ್ಯಾಲ ಹೇಳ್ತೀನಿ" ಅಂತ ಇಟ್ಟುಬಿಡ್ತೀನಿ. ಈ ಸಲ ಕುಂತು ಬರದೀನಿ. ನಿನ್ನಂಗ ಊರು ಬಿಟ್ಟು ಹೋದ ನಮ್ಮ ಕಡೆ ಹುಡುಗ್ರೂ ಓದ್ಲಿ ಅಂತ ಎಲ್ಲಾರಿಗೂ ಕಾಣೂವಂಗ ಹಾಕೀನಿ, ಬ್ಯಾಸರ ಮಾಡ್ಕೋಬ್ಯಾಡ.

ಮೊದಲು ಟಾಕೀಸಿನ ಸುದ್ದಿ. 2025ರ ದಸರಾ ದಿನ, ಅಕ್ಟೋಬರ್ 2ಕ್ಕ, 'ಕಾಂತಾರ ಚಾಪ್ಟರ್ 1' ಬಂತು. ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಅಂತ ಎಲ್ಲಾರ ಮನಿ ತಿರುಗಿ, ರಾತ್ರಿ ಆಟಕ್ಕ ಹೋದ್ವಿ. ಕದಂಬರ ಕಾಲದ ಕತಿ. ಕಾಡು, ರಾಜರ ಊರು, ರಥ, ಎಲ್ಲಾ ನೋಡಾಕ ಎರಡು ಕಣ್ಣು ಸಾಲಂಗಿಲ್ಲ. ಆದ್ರ ಮೊದಲಿನ ಅರ್ಧದಾಗ ನಗಸಾಕ ಅಂತ ಸೇರಿಸಿದ ಮಾತು ನನಗ ಹಿಡಿಸಲಿಲ್ಲ. ಸೌಂಡ್ ಅಂತೂ ಎದಿ ಮ್ಯಾಲ ಗುದ್ದಿದಂಗ ಆತು. ನನ್ನ ಕೇಳಿದ್ರ 2022ರ 'ಕಾಂತಾರ'ನ ಹೆಚ್ಚು. ಅದರಾಗ ಆ ಅವ್ವ ಮಗನ್ನ ಬಯ್ಯೂದು ಐತೆಲ್ಲ, ನಮ್ಮವ್ವನ್ನ ನೋಡಿದಂಗ ಆಗಿತ್ತು. ಈ ಸಲ ಕಣ್ಣು ತುಂಬ್ತು, ಎದಿ ಅಷ್ಟು ತುಂಬಲಿಲ್ಲ.

'ಸು ಫ್ರಮ್ ಸೋ' ಅದ ವರ್ಷ ಜುಲೈನ್ಯಾಗ ಬಂದಿತ್ತು. ಇದನ್ನ ನೀ ನೋಡಲೇಬೇಕು. ಜೆ. ಪಿ. ತುಮಿನಾಡು ಅಂತ ಹೊಸ ಡೈರೆಕ್ಟರು, ತಾನೇ ಅಶೋಕ ಆಗ್ಯಾನ. ಸೋಮೇಶ್ವರದ ಸುಲೋಚನಾ ಅನ್ನೋ ದೆವ್ವ ಅಶೋಕನ ಮೈಯಾಗ ಹೊಕ್ಕೈತಿ ಅಂತ ಊರೆಲ್ಲ ನಂಬ್ತೈತಿ, ಅಷ್ಟೇ ಕತಿ. ನಮ್ಮ ಟಾಕೀಸು ನಿನಗ ಗೊತ್ತಲ್ಲ, ಆಂಧ್ರ, ತೆಲಂಗಾಣ ಮಗ್ಗಲಿಗೇ ಇರೋದಕ್ಕ ತೆಲುಗು ಸಿನಿಮಾ ಬಂದ್ರ ಕನ್ನಡದ್ದು ಎರಡ ದಿನಕ್ಕ ಎತ್ತಂಗಡಿ. ಇದು ಮಾತ್ರ ನಿಂತಿತು. ಇಂಟರ್‌ವಲ್‌ನ್ಯಾಗ ಹೊರಗ ಒಗ್ಗರಣಿ-ಮಿರ್ಚಿ ತಿನಕೋತ ನಿಂತ ಹುಡುಗ್ರು ಆಗಲೇ "ಎಂತ ಮಾರಾಯ" ಅಂತ ಆಡಾಕ ಸುರು ಮಾಡಿದ್ರು.

ಅಲ್ಲೇ ನನಗ ಒಂದು ಮಾತು ಹೊಳೀತು. ಈ ಸಿನಿಮಾ ತೆಗದ ಕರಾವಳಿ ಮಂದಿ ತಮ್ಮ ಮನಿ ಮಾತನ್ನ ಹಂಗ ತಂದು ಹೀರೋನ ಬಾಯಾಗ ಇಟ್ರು. ಮಳಿ, ಸಮುದ್ರ ಎರಡೂ ಕಾಣದ ನಾವು ಕುಂತು ನಕ್ಕೀವಿ, ಅತ್ತೀವಿ, ಒಂದು ಶಬ್ದ ತಿಳೀದಿದ್ರೂ ಕತಿ ಬಿಟ್ಟಿಲ್ಲ. ನಮ್ಮ ಮಾತು ಸಿನಿಮಾದಾಗ ಯಾರ ಬಾಯಾಗ ಬರ್ತೈತಿ ಹೇಳು? ವಾಚ್‌ಮನ್, ಪೇದೆ, ಇಲ್ಲಾ ಎರಡು ನಿಮಿಷ ಬಂದು ನಗಸಿ ಹೋಗೋ ಕೂಲ್ಯಾಳು. ಅದೂ ಧಾರವಾಡದ ಮಾತು, ರಾಯಚೂರಿನ ಮಾತು ಎರಡೂ ಒಂದಾ ಅಂತ ಕಲಸಿ ಮುದ್ದಿ ಮಾಡಿರ್ತಾರ. 1956ರ ತನಕ ಹೈದರಾಬಾದ್ ರಾಜ್ಯದಾಗ ಇದ್ದ ಸೀಮಿ ನಮ್ಮದು. ಉರ್ದು, ತೆಲುಗು ಎರಡೂ ನಮ್ಮ ಕನ್ನಡದಾಗ ಬೆರತಾವು. "ದೋಸ್ತ" ಅಂತ ನಿನ್ನ ಕರಿಯೋದೂ ಅಲ್ಲಿಂದ ಬಂದದ್ದ ಅಲ್ಲೇನು? ಬೆಂಗಳೂರಿಗೆ ಹೋದ ವರ್ಷ ನೀ ಫೋನಿನ್ಯಾಗ ಹೇಳಿದ್ದು ನನಗ ಮರತಿಲ್ಲ. ರೂಮಿನ ಹುಡುಗ್ರು "ಇನ್ನೊಮ್ಮೆ ಮಾತಾಡು" ಅಂತ ನಗ್ತಾರ ಅಂದಿದ್ದಿ. ಆಮ್ಯಾಲ ನಿಧಾನಕ್ಕ ನಿನ್ನ ಮಾತು ಬದಲಾತು. ನನಗ ಭಾಳ ಕೆಟ್ಟ ಅನಿಸಿತ್ತು, ಆಗ ಹೇಳಲಿಲ್ಲ.

ಮನ್ಯಾಗ ಅಪ್ಪನ ಜೋಡಿ 'ತಿಥಿ' ಇನ್ನೊಮ್ಮೆ ನೋಡಿದ್ವಿ. ಮಂಡ್ಯ ಕಡೆ ಹಳ್ಳಿ ಮಂದೀನೇ ಅದರಾಗ ಮಾಡ್ಯಾರ, 2015ರಾಗ ಲೊಕಾರ್ನೊ ಚಿತ್ರೋತ್ಸವದಾಗ ಪ್ರಶಸ್ತಿ ಪಡದ ಸಿನಿಮಾ. ನೂರಾ ಒಂದು ವರ್ಷದ ಮುದುಕ ಸಾಯ್ತಾನ, ಮೊಮ್ಮಗಗ ಹೊಲದ ಚಿಂತಿ. ಮಗ ಗಡ್ಡಪ್ಪಗ ಯಾವ ಚಿಂತಿನೂ ಇಲ್ಲ, ಟೈಗರ್ ಬ್ರಾಂದಿ ಇದ್ರ ಸಾಕು. ಅಪ್ಪ ಮೊದಲು ನಕ್ಕ. ಮೊಮ್ಮಗ ಹೊಲದ ಕಾಗದಕ್ಕ ಓಡ್ಯಾಡಾಕತ್ತಿದ ಮ್ಯಾಲ ಸುಮ್ನಾದ. ನಮ್ಮ ಪಹಣಿಯಾಗ ದೊಡ್ಡಪ್ಪನ ಹೆಸರು ಇನ್ನೂ ಹಂಗ ಐತಿ, ನಿನಗ ಗೊತ್ತು. ಮುಗಿದ ಮ್ಯಾಲ "ಚಲೋ ತೆಗದಾನ" ಅಂದು ಎದ್ದು ಹೋಗಿ ಎತ್ತಿಗೆ ಮೇವು ಹಾಕಿದ.

ಈಗ ನಾ ಈ ಪತ್ರ ಬರಿಯೋಕ ಕೂತ ಕಾರಣ. 'ಫೋಟೊ' ಅಂತ ಒಂದು ಸಿನಿಮಾ, 2024ರಾಗ ಬಂದದ್ದು. ಉತ್ಸವ್ ಗೋನವಾರ ಅಂತ ನಮ್ಮ ರಾಯಚೂರು ಕಡೆ ಹುಡುಗ ತೆಗದಾನ. ಬಿಡುಗಡೆ ಆದಾಗ ನನಗ ನೋಡಾಕ ಆಗಿರಲಿಲ್ಲ. ಹೋದ ತಿಂಗಳು ಊರಿನ ಕೆಲವು ಹುಡುಗ್ರು ಕಲ್ಯಾಣ ಮಂಟಪದಾಗ ಬಿಳಿ ಪರದೆ ಕಟ್ಟಿ ತೋರಿಸಿದ್ರು. ದುರ್ಗ್ಯಾ ಅಂತ ಸಣ್ಣ ಹುಡುಗ. ವಿಧಾನಸೌಧದ ಮುಂದ ನಿಂತು ಫೋಟೊ ತೆಗೆಸ್ಕೋಬೇಕು ಅನ್ನೋದು ಅವನ ಆಸೆ. ಅಪ್ಪ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೂಲಿ ಮಾಡ್ತಿರ್ತಾನ. ಹುಡುಗ ಅಪ್ಪನ ಹತ್ರ ಹೋಗ್ತಾನ, 2020ರ ಮಾರ್ಚಿನ್ಯಾಗ ಲಾಕ್‌ಡೌನ್ ಬೀಳ್ತೈತಿ, ಇಬ್ಬರೂ ಊರ ಕಡೆ ನಡಿಯಾಕ ಹತ್ತತಾರ. ಕೊನಿ ಹೇಳಂಗಿಲ್ಲ, ನೀನ ನೋಡು.

ಅಪ್ಪ-ಮಗ ಇಬ್ಬರೂ ನಾನೂ ನೀನೂ ಮಾತಾಡಿದಂಗ ಮಾತಾಡ್ತಾರ. ಮೊದಲಿಗೆ ಒಂದಿಬ್ಬರು ಹುಡುಗ್ರು ನಕ್ರು, ಪರದೆ ಮ್ಯಾಲ ಆ ಮಾತು ಕೇಳಿದ್ರ ನಗೋದ ರೂಢಿ ಆಗಿಬಿಟ್ಟೈತಿ ನೋಡು. ಹತ್ತು ನಿಮಿಷಕ್ಕ ಆ ನಗು ನಿಂತಿತು. ನಡಿಯೋದು ಸುರು ಆತು ಅನ್ನೋದ್ರಾಗ ನನ್ನ ಮುಂದ ಚಾಪಿ ಮ್ಯಾಲ ಕುಂತಿದ್ದ ಒಬ್ಬಾಕಿ ಕಾಲು ಮಡಚಿಕೊಂಡು, ಸೀರಿ ಅಂಚಿಲೆ ಎರಡೂ ಪಾದ ಮುಚ್ಚಿಕೊಂಡಳು. ಸಿನಿಮಾ ಮುಗಿಯೋ ತನಕ ಹಂಗ ಕುಂತಿದ್ದಳು. ಆ ವರ್ಷ ಬೆಂಗಳೂರಿಂದ ತುಮಕೂರಿನ ತನಕ ಕೂಸು ಎತ್ತಿಕೊಂಡು ನಡದು ಬಂದಾಕಿ, ಊರಿಗೆ ಬಂದ ಮ್ಯಾಲ ಸಾಲಿಯಾಗ 14 ದಿನ ಇಟ್ಟಿದ್ರು ಅಂತ ಆಮ್ಯಾಲ ಗೊತ್ತಾತು. ಆ ಸಾಲಿ ಗೇಟಿನ ಹೊರಗ ನಿಂತು ನಾನೂ ಊಟದ ಪೊಟ್ಟಣ ಕೊಟ್ಟೀನಿ. ಯಾರ ಮುಖಾನೂ ಸರಿಯಾಗಿ ನೋಡಿರಲಿಲ್ಲ.

ಕೆಲವು ಕಡೆ ಸಿನಿಮಾ ನಿಧಾನ ಐತಿ, ಖರೇ. ಆದ್ರ ಗುಳೆ ಅನ್ನೋ ಮಾತು ಪೇಪರಿನ್ಯಾಗ ಎಷ್ಟು ಸಲ ಓದೀವಿ, ನಮ್ಮ ಊರಿನ ಅರ್ಧ ಮನಿಗೆ ಕೀಲಿ ಬಿದ್ದದ್ದು ಎಷ್ಟು ವರ್ಷ ನೋಡೀವಿ. ಆ ಮನ್ಯಾಗಿನ ಹುಡುಗನ ಆಸೆ ಏನು ಅಂತ ಯಾರೂ ನಮ್ಮ ಮಾತಿನ್ಯಾಗ ಕೇಳಿರಲಿಲ್ಲ. ಇಂವ ಕೇಳ್ಯಾನ. ಇಂಥಾ ಇನ್ನೊಂದು ಹತ್ತು ಸಿನಿಮಾ ಬರಬೇಕು ದೋಸ್ತ. ಪ್ರೀತಿ ಕತಿ ಬರಲಿ, ಹೊಡೆದಾಟದ್ದೂ ಬರಲಿ, ನಮ್ಮ ಮಾತಿನ್ಯಾಗ ಬರಲಿ. ನೀ ಊರಿಗೆ ಬಂದಾಗ ನನ್ನ ಜೋಡಿಯರೆ ಮೊದಲಿನಂಗ ಮಾತಾಡು.

ಅಕ್ಕನ ಮಗ ನನ್ನ ತೊಡಿ ಮ್ಯಾಲ ಕುಂತು ನೋಡಿದ. ಅವತ್ತಿಂದ ಒಂದ ಹಟ, "ಮಾಮಾ, ನಂದೂ ವಿಧಾನಸೌಧದ ಮುಂದ ಫೋಟೊ ತೆಗಿ" ಅಂತ. ಬ್ಯಾಸಗಿ ರಜಾಕ್ಕ ಕರಕೊಂಡು ಬರ್ತೀನಿ. ರಾತ್ರಿ ಬಸ್ಸಿಗೆ ಹತ್ತಿದ್ರ ಬೆಳಿಗ್ಗಿ ಮೆಜೆಸ್ಟಿಕ್ಕಿನ್ಯಾಗ ಇಳೀತೀವಿ. ಒಂದಿನ ರಜಾ ಹಾಕಿ ಬಾ, ಫೋಟೊದಾಗ ನೀನೂ ಇರಬೇಕು ಅಂತ ಅಂವಾ ಹೇಳ್ಯಾನ.

ನಿನ್ನ ದೋಸ್ತ