ಸಿಗ್ನಲ್‌ನಲ್ಲಿ ಚಾಚಿದ ಕೈಗೆ ಏನು ಕೊಡಬೇಕು?

ಮಾನ್ಯರೇ,

ಭಿಕ್ಷೆ ಕೊಟ್ಟವರ ಮೇಲೂ ಎಫ್‌ಐಆರ್ ಹಾಕುತ್ತೇವೆ ಎಂದು ಇಂದೋರ್ ಆಡಳಿತ 2025ರ ಜನವರಿ 1ರಿಂದ ಆದೇಶ ಜಾರಿ ಮಾಡಿದ ಮೇಲೆ, ಬೆಂಗಳೂರಿಗೂ ಅಂಥದ್ದೇ ಬೇಕು ಎನ್ನುವವರಿದ್ದಾರೆ. ಕೊಡಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ ಹಿಡಿದು ಜಗ್ಗಾಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಕೇಳುತ್ತಿರುವವರು ಯಾರು ಎಂದು ಮೊದಲು ನೋಡಬೇಕು. ಕೆಂಪು ದೀಪ ಹಸಿರಾಗುವಷ್ಟರಲ್ಲಿ ಅಷ್ಟು ನೋಡಲು ಹೊತ್ತಿರುತ್ತದೆ.

ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸು ಗಾಜು ತಟ್ಟುತ್ತಾಳೆ. ಮಗು ಹೆಗಲ ಮೇಲೆ ಕತ್ತು ಚೆಲ್ಲಿ ಮಲಗಿದೆ. ಹಾರ್ನ್ ಹೊಡೆದರೂ ಕದಲುತ್ತಿಲ್ಲ, ಮಟಮಟ ಮಧ್ಯಾಹ್ನದ ಬಿಸಿಲು ಮುಖಕ್ಕೇ ಹೊಡೆಯುತ್ತಿದೆ. ಇಲ್ಲಿ ಹತ್ತು ರೂಪಾಯಿ ಕೊಟ್ಟು ಮುಂದೆ ಹೋಗಬೇಡಿ, ಬೈಯಲೂ ಹೋಗಬೇಡಿ. ಬೈದರೆ ಆಕೆ ಮುಂದಿನ ಸಿಗ್ನಲ್‌ಗೆ ಹೋಗುತ್ತಾಳೆ, ಮಗುವೂ ಜೊತೆಗೇ ಹೋಗುತ್ತದೆ. ಗಾಡಿ ಪಕ್ಕಕ್ಕೆ ಹಾಕಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇಂಥ ಬಹಳಷ್ಟು ಕರೆಗಳು ದಂಡವಾಗುವುದು ಜಾಗ ಸರಿಯಾಗಿ ಹೇಳದೆ. ‘ಸಿಲ್ಕ್ ಬೋರ್ಡ್ ಹತ್ತಿರ’ ಎಂದರೆ ಯಾರೂ ಹುಡುಕಲಾರರು. ಮೆಟ್ರೊ ಕಂಬದ ಸಂಖ್ಯೆ, ರಸ್ತೆಯ ಯಾವ ಬದಿ, ಮಗುವಿನ ಅಂದಾಜು ವಯಸ್ಸು, ಬಟ್ಟೆಯ ಬಣ್ಣ, ಜೊತೆಗಿರುವವರು ಎಷ್ಟು ಜನ ಎಂಬುದನ್ನು ಹೇಳಿ. ದಿನಾ ಅದೇ ದಾರಿಯಲ್ಲಿ ಓಡಾಡುವವರಾದರೆ ಅವರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಲ್ಲಿರುತ್ತಾರೆ ಎಂಬುದನ್ನೂ ಹೇಳಿ. ತಂಡ ಬರುವ ಹೊತ್ತಿಗೆ ಜಾಗ ಖಾಲಿಯಾಗಿರುವುದೇ ಹೆಚ್ಚು. ಮಾರನೇ ದಿನ ಅವರಿಗೆ ದಾರಿ ತೋರುವುದು ಈ ಹೊತ್ತಿನ ಲೆಕ್ಕವೇ. ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿ ದಂಡವಿದೆ.

ಆ ಮಗುವಿನ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹರಿಬಿಡಬೇಡಿ ಎಂದು ಕೈಮುಗಿದು ಕೇಳುತ್ತೇವೆ. ಮಗುವಿನ ಗುರುತು ಬಯಲು ಮಾಡುವುದು ಅದೇ ಕಾಯ್ದೆಯಲ್ಲಿ ಅಪರಾಧ. ಎತ್ತಿಕೊಂಡಾಕೆ ಹೆತ್ತ ತಾಯಿಯೇ ಆಗಿರಬಹುದು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವದಂತಿ ನಂಬಿ ಹೊರರಾಜ್ಯದ ಒಬ್ಬನನ್ನು ಹೊಡೆದು ಕೊಂದರು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಇಂಥದ್ದೇ ವದಂತಿಗೆ ಬಲಿಯಾದ ಐವರು ಭಿಕ್ಷೆ ಬೇಡುವ ಅಲೆಮಾರಿ ಸಮುದಾಯದವರು.

ಮುದುಕರ ವಿಷಯ ಬೇರೆ. ಅವರಿಗೆ ಕಾಸು ಕೊಡಿ, ತಪ್ಪೇನಿಲ್ಲ. ‘ಕುಡಿಯುತ್ತಾರೆ’ ಎಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಾವೆಲ್ಲ ಫೋನ್‌ನಲ್ಲಿ ದುಡ್ಡು ಕೊಡುವುದು ಶುರುವಾದ ಮೇಲೆ ‘ಚಿಲ್ಲರೆ ಇಲ್ಲ’ ಎಂಬುದು ನಿಜವೇ ಆಗಿದೆ. ಬ್ಯಾಂಕ್ ಖಾತೆ, ಫೋನ್ ಎರಡೂ ಇಲ್ಲದ ಮುದುಕರಿಗೆ ಇದರ ಪೆಟ್ಟು ಎಲ್ಲರಿಗಿಂತ ಜೋರಾಗಿ ಬಿದ್ದಿದೆ. ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದರೆ ಟೋಕನ್ ಕೊಡಿಸಿ. 2017ರಲ್ಲಿ ಶುರುವಾದಾಗ ಇಟ್ಟ ದರ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಕೊಡುವ ಮುಂಚೆ ‘ಅಜ್ಜಿ, ಏನು ತಿಂತೀರ?’ ಎಂದು ಕೇಳಿ. ಹಲ್ಲಿಲ್ಲದ ಬಾಯಿಗೆ ಚಪಾತಿ ಇಳಿಯುವುದಿಲ್ಲ, ಸಕ್ಕರೆ ಕಾಯಿಲೆಯವರಿಗೆ ಸಿಹಿ ಬನ್ ಆಗದು. ಶನಿವಾರ ದೇವಸ್ಥಾನಗಳ ಮುಂದೆ ಒಬ್ಬೊಬ್ಬರ ಮಡಿಲಲ್ಲೂ ನಾಲ್ಕೈದು ಪೊಟ್ಟಣ ಪುಳಿಯೋಗರೆ, ಚಿತ್ರಾನ್ನ ಇರುತ್ತದೆ. ಸಂಜೆಗೆ ಹಳಸಿ ಚರಂಡಿ ಸೇರುತ್ತದೆ. ಸೋಮವಾರ ಒಂದು ತುತ್ತೂ ಇರುವುದಿಲ್ಲ. ಹರಕೆ ಶನಿವಾರವೇ ತೀರಲಿ, ಅನ್ನ ಮಾತ್ರ ಬೇರೆ ದಿನಗಳಿಗೂ ಹಂಚಿಹೋಗಲಿ.

65 ತುಂಬಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯಿದೆ, ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಅಡಚಣೆ ಬರುವುದೆಲ್ಲ ಆಧಾರ್‌ನಲ್ಲಿ: ಬೆರಳ ಗೆರೆ ಸವೆದು ಹೆಬ್ಬೆಟ್ಟು ಬೀಳುವುದಿಲ್ಲ, ವಯಸ್ಸು ಹತ್ತು ವರ್ಷ ಕಡಿಮೆ ಬರೆಸಿಕೊಂಡಿರುತ್ತದೆ, ಇಲ್ಲವೇ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಬೆರಳು ಬೀಳದಿದ್ದರೆ ಕಣ್ಣಿನ ಪಾಪೆಯ ಗುರುತು ತೆಗೆಯಿರಿ ಎಂದು ಆಧಾರ್ ಕೇಂದ್ರದಲ್ಲಿ ಜೊತೆಗೆ ನಿಂತು ಕೇಳುವವರು ಒಬ್ಬರು ಬೇಕು. ಅರ್ಧ ದಿನದ ಕೆಲಸ. ನೂರು ಸಲ ಹತ್ತು ರೂಪಾಯಿ ಹಾಕುವುದಕ್ಕಿಂತ ಅದು ದೊಡ್ಡದು. ಹಿರಿಯರ ಸಹಾಯವಾಣಿ 14567.

ಕಾಲಿಗೆ ಕೊಳಕು ಬಟ್ಟೆ ಸುತ್ತಿಕೊಂಡು ಕೂತವರನ್ನು ಕಂಡರೆ ಅದು ‘ನಾಟಕದ ಗಾಯ’ ಎಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯ ಹುಣ್ಣಿಗೆ ನೋವೇ ಗೊತ್ತಾಗುವುದಿಲ್ಲ. ನೊಣ ಕೂತು ಹುಳ ಬಿದ್ದ ಮೇಲೆಯೇ ಜನ ಮೂಗು ಮುಚ್ಚಿಕೊಂಡು ತಿರುಗಿ ನೋಡುವುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಅಲ್ಲೇ ನಿಲ್ಲಿ. ಆಸ್ಪತ್ರೆಯಲ್ಲಿ ‘ಜೊತೆಗೆ ಯಾರಿದ್ದಾರೆ?’ ಎಂಬ ಪ್ರಶ್ನೆಯಲ್ಲೇ ಸೇರ್ಪಡೆ ನಿಂತುಬಿಡಬಹುದು. ಆಗ ಅಲ್ಲಿನ ಪೊಲೀಸ್ ಹೊರಠಾಣೆಗೆ ತಿಳಿಸಿ. ತನ್ನಷ್ಟಕ್ಕೆ ಮಾತಾಡಿಕೊಂಡು ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರಾದರೆ ಕರೆ 112ಕ್ಕೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಅಂಥವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯುವುದು ಪೊಲೀಸರ ಕರ್ತವ್ಯ, ಲಾಕಪ್‌ನಲ್ಲಿ ಇಡುವಂತಿಲ್ಲ.

ಪೆನ್ನು, ಗಾಜು ಒರೆಸುವ ಬಟ್ಟೆ ಮಾರುವವರು ವ್ಯಾಪಾರ ಮಾಡುತ್ತಿದ್ದಾರೆ. ಬೇಕಿದ್ದರೆ ಕೊಳ್ಳಿ, ಬೇಡವಾದರೆ ಮುಖ ನೋಡಿ ‘ಬೇಡಮ್ಮ’ ಎನ್ನಿ. ಗಾಜು ತಟ್ಟುವ ಮಂಗಳಮುಖಿಯರ ಜೊತೆಗೂ ಅಷ್ಟೇ, ಬಿರುಸು ಮಾತು ಬೇಡ.

ಇನ್ನು ಹಿಡಿದು ಒಯ್ಯುವ ವಿಚಾರ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿದೆ. ಅದರಡಿ ಹಿಡಿದವರನ್ನು ಇಡುವ ನಿರಾಶ್ರಿತರ ಪರಿಹಾರ ಕೇಂದ್ರ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿದೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲು ಸಾವುಗಳಾಗಿ, ಅಂದಿನ ಸಮಾಜ ಕಲ್ಯಾಣ ಸಚಿವ ಡಿ. ಸುಧಾಕರ್ ರಾಜೀನಾಮೆ ಕೊಟ್ಟದ್ದನ್ನು ಓದುಗರು ಮರೆತಿರಲಾರರು. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿ ಜಾರಿಯಲ್ಲಿದ್ದ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯ ಕಲಮುಗಳನ್ನು ರದ್ದುಪಡಿಸಿ, ಭಿಕ್ಷೆ ಬೇಡುವುದು ಅಪರಾಧವಲ್ಲ ಎಂದಿತು. 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬೀದಿಯಿಂದ ಭಿಕ್ಷುಕರನ್ನು ತೆರವು ಮಾಡಿಸಲು ಒಪ್ಪಲಿಲ್ಲ, ಬಡತನವೇ ಇದರ ಮೂಲ ಎಂದಿತು. ನಮ್ಮ ಕಾಯ್ದೆ ಮಾತ್ರ ಹಾಗೇ ಉಳಿದಿದೆ. ಕೂಲಿ ಸಿಗದೆ ಬಸ್ ನಿಲ್ದಾಣದಲ್ಲಿ ಮಲಗಿದವರೂ ಕೊಳಕು ಬಟ್ಟೆ ನೋಡಿದವರ ಕಣ್ಣಿಗೆ ಭಿಕ್ಷುಕರಂತೆಯೇ ಕಾಣುತ್ತಾರೆ.

ಇದಕ್ಕೆಲ್ಲ ದುಡ್ಡು ಕೊಡುತ್ತಿರುವವರು ಆಸ್ತಿ ತೆರಿಗೆ ಕಟ್ಟುವ ನಾವೇ. ನಿಮ್ಮ ರಸೀದಿ ತೆಗೆದು ನೋಡಿ: ಆರೋಗ್ಯ, ಗ್ರಂಥಾಲಯ ಸೆಸ್‌ಗಳ ಪಕ್ಕದಲ್ಲೇ ಭಿಕ್ಷುಕರ ಸೆಸ್ ಶೇ 3 ಇದೆ. 10,000 ರೂಪಾಯಿ ತೆರಿಗೆಗೆ 300 ರೂಪಾಯಿ. ಸ್ಥಳೀಯ ಸಂಸ್ಥೆಗಳು ಇದನ್ನು ವಸೂಲಿ ಮಾಡಿ, ಪರಿಹಾರ ಕೇಂದ್ರಗಳನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು. ಕಟ್ಟದೆ ಬಾಕಿ ಉಳಿಸಿಕೊಳ್ಳುವುದು ಹಳೆಯ ರೋಗ. ಪ್ರತಿ ನಗರಸಭೆ, ಪಾಲಿಕೆಯೂ ವರ್ಷಕ್ಕೆ ಎಷ್ಟು ಸೆಸ್ ಎತ್ತಿತು, ಎಷ್ಟು ಕಟ್ಟಿತು ಎಂದು ವಾರ್ಡ್ ಕಚೇರಿಯ ಫಲಕದಲ್ಲಿ ಬರೆಯಲಿ. ಪರಿಹಾರ ಕೇಂದ್ರದಿಂದ ಬಿಡುಗಡೆಯಾಗುವ ಪ್ರತಿಯೊಬ್ಬರ ಕೈಯಲ್ಲಿ ಆಧಾರ್, ಪಾಸ್‌ಬುಕ್, ಪಿಂಚಣಿ ಅರ್ಜಿಯ ರಸೀದಿ, ಅಂದು ರಾತ್ರಿ ಮಲಗಲು ಆಶ್ರಯ ಕೇಂದ್ರವೊಂದರ ವಿಳಾಸ, ಈ ನಾಲ್ಕು ಇರಲಿ.

– ವಸತಿರಹಿತರ ನಡುವೆ ಕೆಲಸ ಮಾಡುವ ಸ್ವಯಂಸೇವಕರು, ಬೆಂಗಳೂರು