ಬೆಲ್ಟು ವಾಪಸ್ ಕೊಟ್ಟಿರಿ, ಮಾತ್ರೆ ಯಾಕೆ ಕೊಡಲಿಲ್ಲ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಸುರತ್ಕಲ್ ಕಡೆಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ಅಮ್ಮ ಬೀಡಿ ಕಟ್ಟುತ್ತಾರೆ. ತಮ್ಮ ಜೈಲಿಗೆ ಹೋಗಿದ್ದ ಅಂತ ಊರಿಗೆಲ್ಲ ಹೇಳಿಕೊಳ್ಳುವುದು ಯಾರಿಗೆ ಬೇಕು? ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಗೊತ್ತಿದ್ದವರಿಗೆ ಹೇಗೂ ಗೊತ್ತುಂಟು, ಬಿಡಿ.

ನಾನು ಕೇಳುವುದು ಇಷ್ಟೇ. ಜೈಲಿನಿಂದ ಹೊರಗೆ ಬರುವ ರೋಗಿಗೆ ಬಿಡುಗಡೆಯ ದಿನವೇ ಒಂದು ತಿಂಗಳ ಮಾತ್ರೆ ಕೊಡಿ. ಏನು ಕಾಯಿಲೆ, ಯಾವ ಮದ್ದು, ಎಷ್ಟು ದಿನ ಆಯಿತು ಅಂತ ಬರೆದ ಒಂದು ಚೀಟಿ ಕೊಡಿ.

ತಮ್ಮನದು ಹೊಡೆದಾಟದ ಕೇಸು. ಇನ್ನೂ ನಡೆಯುತ್ತಿದೆ, ಹಾಗಾಗಿ ಯಾವ ಜೈಲು ಅಂತ ಬರೆಯುವುದಿಲ್ಲ. ಒಳಗಿರುವಾಗಲೇ ಕೆಮ್ಮು ಶುರುವಾಯಿತು. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. ಸುಳ್ಳು ಯಾಕೆ ಹೇಳಲಿ, ಮದ್ದು ಸರಿಯಾಗಿಯೇ ಕೊಟ್ಟರು. ದಿನಾ ಎದುರಿಗೇ ನುಂಗಿಸುತ್ತಿದ್ದರಂತೆ. ಮೊದಲ ಎರಡು ತಿಂಗಳ ನಾಲ್ಕು ಔಷಧಿ ಮುಗಿದು, ಮುಂದಿನ ನಾಲ್ಕು ತಿಂಗಳ ಮೂರು ಔಷಧಿ ಶುರುವಾಗಿತ್ತು. ಆಗ ಜಾಮೀನು ಸಿಕ್ಕಿತು.

ಕತ್ತಲಾದ ಮೇಲೆ ಬಿಟ್ಟರು. ಒಳಗೆ ಹೋಗುವಾಗ ತೆಗೆದಿಟ್ಟುಕೊಂಡಿದ್ದ ಬೆಲ್ಟು, ಪರ್ಸು, ಗಾಜು ಒಡೆದ ಮೊಬೈಲು, ಎಲ್ಲವನ್ನೂ ಪಟ್ಟಿ ಓದಿ ಸಹಿ ಹಾಕಿಸಿ ಕೊಟ್ಟರು. ಪರ್ಸಿನ ಚಿಲ್ಲರೆಯನ್ನೂ ಎಣಿಸಿ ಕೊಟ್ಟರು ಮಾರಾಯ್ರೆ! ಮಾತ್ರೆ ಮಾತ್ರ ಇಲ್ಲ. ಕೇಳಿದರೆ, "ಹೊರಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಹೋಗಿ."

ಹೋದೆವು. "ನಿಕ್ಷಯ್ ಐಡಿ ಎಲ್ಲಿ? ಎಷ್ಟು ಡೋಸ್ ಆಗಿದೆ? ಜೈಲಿನಿಂದ ಬರೆಸಿಕೊಂಡು ಬನ್ನಿ" ಅಂದರು. ನಿಕ್ಷಯ್ ಐಡಿ ಅಂದರೆ ಟಿಬಿ ರೋಗಿಗೆ ಸರ್ಕಾರ ಕೊಡುವ ನೋಂದಣಿ ನಂಬರು. ಜೈಲಿನ ಗೇಟಿಗೆ ಹೋದರೆ, "ಅವನು ಈಗ ನಮ್ಮ ಲೆಕ್ಕದಲ್ಲಿ ಇಲ್ಲ." ಹೊಲಿಗೆ ಬಿಟ್ಟು, ಬಸ್ಸಿಗೆ ದುಡ್ಡು ಸುರಿದು ಅತ್ತಿಂದಿತ್ತ ಓಡಾಡಿದೆ. ಒಂದು ದಿನ ಗೇಟಿನಲ್ಲಿದ್ದ ಒಬ್ಬರು ಹೇಳಿದರು: "ಮಾತ್ರೆ ಬೇಕಾದರೆ ಪುನಃ ಒಳಗೆ ಬರಲಿ, ಇಲ್ಲಿ ಎಲ್ಲ ಫ್ರೀ." ಪಕ್ಕದಲ್ಲಿ ನಿಂತವರು ಜೋರಾಗಿ ನಕ್ಕರು. ತಮ್ಮ ನನ್ನ ಜೊತೆಗೇ ಇದ್ದ. ಆಮೇಲೆ ಅವನು ಬರುವುದನ್ನೇ ಬಿಟ್ಟ. "ಸಾಕು ಅಕ್ಕ, ಕೆಮ್ಮು ಕಮ್ಮಿ ಆಗಿದೆಯಲ್ಲ" ಅಂದ.

ಟಿಬಿ ಮದ್ದನ್ನು ನಡುವೆ ಬಿಟ್ಟರೆ ರೋಗ ಮದ್ದಿಗೇ ಬಗ್ಗದ ಹಾಗೆ ಆಗಬಹುದು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾ? ಕೊನೆಗೆ ನಮ್ಮ ಆಶಾ ಕಾರ್ಯಕರ್ತೆ ಹಟ ಹಿಡಿದು ಕೂತದ್ದಕ್ಕೆ ಮದ್ದು ಪುನಃ ಶುರುವಾಯಿತು. ಅಷ್ಟರಲ್ಲಿ ವಾರಗಟ್ಟಲೆ ತಪ್ಪಿಹೋಗಿತ್ತು. ಅಮ್ಮ ಹೊಗೆಸೊಪ್ಪಿನ ಧೂಳಿಗೆ ಮೊದಲೇ ಕೆಮ್ಮುತ್ತಾರೆ. ನನ್ನ ಮಗಳು ಅದೇ ಕೋಣೆಯಲ್ಲಿ ಮಲಗುತ್ತಾಳೆ. ರೋಗಿಯ ಮನೆಯವರನ್ನೂ ಪರೀಕ್ಷೆ ಮಾಡಬೇಕು ಅಂತ ಟಿಬಿ ಕಾರ್ಯಕ್ರಮದಲ್ಲೇ ಉಂಟು. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ಇದ್ದದ್ದನ್ನು 2024ರ ನವೆಂಬರಿನಿಂದ 1000 ರೂಪಾಯಿ ಮಾಡಿದ್ದಾರೆ. ಬಹಳ ಸಂತೋಷ. ನಮ್ಮ ಮನೆಗೆ ಪರೀಕ್ಷೆಗೂ ಯಾರೂ ಬರಲಿಲ್ಲ, ತಮ್ಮನ ಖಾತೆಗೆ ದುಡ್ಡೂ ಬರಲಿಲ್ಲ.

ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1894ರ ಬಂದೀಖಾನೆ ಕಾಯ್ದೆಯಲ್ಲೇ, ಅಪಾಯಕಾರಿ ಕಾಯಿಲೆ ಇರುವವನನ್ನು ಅವನ ಇಷ್ಟ ಮೀರಿ, ವೈದ್ಯರು ಸರಿ ಅನ್ನದೆ ಹೊರಗೆ ಕಳಿಸಬಾರದು ಅಂತ ಇತ್ತು. ಬ್ರಿಟಿಷರಿಗೇ ಅಷ್ಟು ಹೊಳೆದಿತ್ತು! ನಾನು ತಮ್ಮನನ್ನು ಒಳಗೇ ಇಟ್ಟುಕೊಳ್ಳಿ ಅನ್ನುತ್ತಿಲ್ಲ. ಬಿಡುವಾಗ ಮಾತ್ರೆ ಕೊಡಿ ಅನ್ನುತ್ತಿದ್ದೇನೆ. ಬೆಂಗಳೂರು ಸೆಂಟ್ರಲ್ ಜೈಲಿನ ರಾಮಮೂರ್ತಿ ಅನ್ನುವ ಕೈದಿ ಬರೆದ ಪತ್ರವೇ ಸುಪ್ರೀಂ ಕೋರ್ಟಿನಲ್ಲಿ ಕೇಸಾಯಿತು. 1996ರ ಆ ತೀರ್ಪು ಜೈಲುಗಳ ಒಂಬತ್ತು ಸಮಸ್ಯೆ ಎಣಿಸಿತು. ಆರೋಗ್ಯದ ಕಡೆಗಣನೆ ಅದರಲ್ಲಿ ಒಂದು. ಹಾಗಾಗಿ ಪತ್ರ ಬರೆದು ಎಂಥ ಪ್ರಯೋಜನ ಅಂತ ನನ್ನನ್ನು ಯಾರೂ ಕೇಳಬೇಡಿ.

ಇದು ಬರೀ ಟಿಬಿಯ ಮಾತೂ ಅಲ್ಲ. ನಿಮ್ಹಾನ್ಸ್‌ನವರು ಅದೇ ಬೆಂಗಳೂರು ಜೈಲಿನ ಐದು ಸಾವಿರಕ್ಕೂ ಜಾಸ್ತಿ ಕೈದಿಗಳನ್ನು ಪರೀಕ್ಷಿಸಿದ್ದರು. ವರದಿ ಬಂದದ್ದು 2011ರಲ್ಲಿ. ಕುಡಿತ, ಡ್ರಗ್ಸ್ ಬದಿಗಿಟ್ಟರೂ ಕಾಲು ಭಾಗಕ್ಕಿಂತ ಜಾಸ್ತಿ ಜನರಿಗೆ ಮಾನಸಿಕ ಕಾಯಿಲೆ ಇತ್ತು. ಅವರ ಮಾತ್ರೆಯೂ ಗೇಟಿನ ಒಳಗೇ ಉಳಿದರೆ? ಶುಗರಿನವರದ್ದು, ಎಚ್‌ಐವಿಯವರದ್ದು?

ನಮ್ಮ ಸಂಬಂಧಿಕರ ಹುಡುಗಿ ಇಲ್ಲೇ ನರ್ಸಿಂಗ್ ಓದುತ್ತಾಳೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಅಧ್ಯಯನವನ್ನು ಮೊಬೈಲಿನಲ್ಲಿ ತೋರಿಸಿದಳು. 2007ರದ್ದು. ಜೈಲಿನಿಂದ ಬಿಟ್ಟ ಮೊದಲ ಎರಡು ವಾರಗಳಲ್ಲಿ ಸಾವಿನ ಅಪಾಯ ಬೇರೆ ಜನರಿಗಿಂತ 12.7 ಪಟ್ಟು. ಅಲ್ಲಿ ಹೆಚ್ಚಿನವರು ಸತ್ತದ್ದು ಡ್ರಗ್ಸ್ ಜಾಸ್ತಿಯಾಗಿ, ಸರಿ. ಆದರೆ ಅವರು ಲೆಕ್ಕ ಇಟ್ಟರಲ್ಲ! ಬಿಡುಗಡೆಗೆ 90 ದಿನ ಮೊದಲೇ ಬಡವರ ಸರ್ಕಾರಿ ವಿಮೆಯ ದುಡ್ಡಿನಲ್ಲಿ ಆರೈಕೆ ಶುರು ಮಾಡಲು ಕ್ಯಾಲಿಫೋರ್ನಿಯಾಕ್ಕೆ 2023ರಲ್ಲಿ ಒಪ್ಪಿಗೆಯೂ ಸಿಕ್ಕಿತು. ನಮ್ಮ ಮಂಗಳೂರಿನಲ್ಲಿ ತಿರುಗಿದಲ್ಲೆಲ್ಲ ಮೆಡಿಕಲ್ ಕಾಲೇಜು. ಬಿಡುಗಡೆಯಾದವರು ಏನಾದರು ಅಂತ ನೋಡುವ ಕೆಲಸ ಒಂದಕ್ಕಾದರೂ ಕೊಡಿ, ದುಡ್ಡು ಕೊಟ್ಟು ಮಾಡಿಸಿ.

ಜಾಮೀನು ಯಾವಾಗ ಸಿಗುತ್ತದೋ ಗೊತ್ತಿಲ್ಲ, ಮೊದಲೇ ತಯಾರಿ ಹೇಗೆ ಅಂತ ನಿಮ್ಮವರು ಹೇಳಬಹುದು. ದೇಶದ ಜೈಲುಗಳಲ್ಲಿ ನಾಲ್ಕರಲ್ಲಿ ಮೂರು ಜನ ವಿಚಾರಣಾಧೀನರೇ. ಅಂದರೆ ಹೆಚ್ಚಿನವರು ಹೀಗೇ ದಿಢೀರ್ ಅಂತ ಹೊರಗೆ ಬರುವವರು. ಮದ್ದು ಶುರುವಾದ ದಿನವೇ ಚೀಟಿ ಬರೆದು ಬೆಲ್ಟು, ಪರ್ಸಿನ ಜೊತೆಗೇ ಇಡಲಿ. ಬೆಲ್ಟಿಗೆ ಇರುವ ವ್ಯವಸ್ಥೆ ಮಾತ್ರೆಗೂ ಇರಲಿ.

ಜೈಲು ಗೃಹ ಇಲಾಖೆಯದ್ದು ಅನ್ನಬೇಡಿ. ಟಿಬಿ ಯಾವ ಇಲಾಖೆಯದ್ದು? ಗೃಹ ಸಚಿವರಿಗೂ ಇದರ ಪ್ರತಿ ಕಳಿಸುತ್ತಿದ್ದೇನೆ. ಇಬ್ಬರೂ ಕೂತು ಒಂದು ಸುತ್ತೋಲೆ ಹೊರಡಿಸಿ. ಬಿಡುಗಡೆಯ ದಿನ ಒಂದು ತಿಂಗಳ ಮಾತ್ರೆ, ಒಂದು ಚೀಟಿ, ಊರಿನ ಹತ್ತಿರದ ಆಸ್ಪತ್ರೆಗೆ ಒಂದು ಫೋನು.

"ಸಂಬಂಧಪಟ್ಟವರಿಗೆ ರವಾನಿಸಲಾಗಿದೆ" ಅನ್ನುವ ಉತ್ತರ ಮಾತ್ರ ಕಳಿಸಬೇಡಿ. ಅಂಥದ್ದು ನಮ್ಮ ಮನೆಯಲ್ಲಿ ಆಗಲೇ ಉಂಟು.

ಇಂತಿ,
ಸುರತ್ಕಲ್ ಕಡೆಯ ಒಬ್ಬ ಅಕ್ಕ