ವಯನಾಡಿನ ಬಾಳೆ ಕಂದು ತರಬೇಡ ಅಣ್ಣ

ಮರ್ವಿಲಂಬಾ, ನ್ಯೂ ಸೌತ್ ವೇಲ್ಸ್, ಆಸ್ಟ್ರೇಲಿಯಾ

ಪ್ರೀತಿಯ ಅಣ್ಣನಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಅತ್ತಿಗೆ ಹೇಳಿದರು, ಕೇಳಿ ಸಮಾಧಾನ ಆಯಿತು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಕಾಫಿ ನಡುವೆ ಖಾಲಿ ಬಿದ್ದ ಜಾಗಕ್ಕೆ ನೇಂದ್ರ ಬಾಳೆ ಹಾಕುತ್ತೇನೆ, ವಯನಾಡಿನ ಸ್ನೇಹಿತರು ಒಂದು ಜೀಪು ತುಂಬ ಕಂದು ದುಡ್ಡಿಲ್ಲದೆ ಕೊಡುತ್ತಾರೆ ಅಂದೆ ಅಲ್ವಾ? ದಯವಿಟ್ಟು ತರಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ, ಅದಕ್ಕೇ ಈ ಕಾಗದ.

ಇಲ್ಲಿ ನನ್ನ ಕೆಲಸವೇ ಅದು. ಈ ಕಡೆ ಬಾಳೆ ಬೆಳೆಯುವುದು ಗುಡ್ಡದ ಇಳಿಜಾರಿನಲ್ಲಿ. ನಮ್ಮ ತಂಡ ಸಾಲು ಸಾಲಾಗಿ ಹತ್ತಿ ಇಳಿದು ಒಂದೊಂದೇ ಬುಡ ನೋಡುತ್ತಾ ಹೋಗುತ್ತದೆ. ಹುಡುಕುವುದು ಬಂಚಿ ಟಾಪ್ ರೋಗವನ್ನು. ಅದು ವೈರಸ್ಸಿನಿಂದ ಬರುತ್ತದೆ, ವಾಸಿ ಮಾಡುವ ಔಷಧಿ ಇಲ್ಲ. ಎಳೆ ಗಿಡಕ್ಕೆ ಬಂದರೆ ಗೊನೆಯೇ ಹಾಕುವುದಿಲ್ಲ. ಬಲಿತ ಎಲೆಗಳು ಹಾಗೇ ಇರುತ್ತವೆ, ಹೊಸ ಎಲೆಗಳು ಮಾತ್ರ ಒಂದಕ್ಕಿಂತ ಒಂದು ಗಿಡ್ಡವಾಗಿ, ಕಿರಿದಾಗಿ, ಅಂಚು ಹಳದಿಯಾಗಿ ತುದಿಯಲ್ಲಿ ಒತ್ತೊತ್ತಾಗಿ ನೆಟ್ಟಗೆ ನಿಲ್ಲುತ್ತವೆ. ಆ ಹಂತದಲ್ಲಿ ಮಕ್ಕಳೂ ಗುರುತು ಹಿಡಿಯುತ್ತಾರೆ. ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ನಾವು ನೋಡುವುದು ಅದಕ್ಕಿಂತ ಮುಂಚಿನ ಗುರುತು. ಹೊಸ ಎಲೆಯನ್ನು ಬಗ್ಗಿಸಿ, ಹಿಂಭಾಗವನ್ನು ಬೆಳಕಿಗೆ ಹಿಡಿಯಬೇಕು. ನಡುದಿಂಡಿನ ಪಕ್ಕದಲ್ಲಿ, ಸಣ್ಣ ನರಗಳ ಉದ್ದಕ್ಕೆ ಕಡು ಹಸಿರು ಚುಕ್ಕಿ, ಗೆರೆ, ಮತ್ತೆ ಚುಕ್ಕಿ ಕಾಣುತ್ತವೆ. ಪೆನ್ನಿನಲ್ಲಿ ಬಿಟ್ಟು ಬಿಟ್ಟು ಗೀಚಿದ ಹಾಗೆ. ಆ ಗೆರೆಗಳು ದಿಂಡನ್ನು ಸೇರುವ ಕಡೆ ಕೊಕ್ಕೆಯಾಗಿ ಬಾಗಿರುತ್ತವೆ. ಎಲೆ ತೊಟ್ಟಿನ ಮೇಲೂ ಇದೇ ಗೆರೆಗಳು ಇರುತ್ತವೆ, ಮೇಲಿನ ಬಿಳಿ ಪುಡಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿದರೆ ಎದ್ದು ಕಾಣುತ್ತವೆ. ಒಮ್ಮೆ ಕಣ್ಣಿಗೆ ರೂಢಿಯಾದರೆ ತಪ್ಪುವುದಿಲ್ಲ.

ಇದನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಬಾಳೆ ಹೇನು. ಕಂದು ಬಣ್ಣದ ಸಣ್ಣ ಹೇನು. ಬುಡದ ಒಣ ಸಿಪ್ಪೆ ಸರಿಸಿದರೆ, ಎಳೆ ಕಂದಿನ ಸುರುಳಿ ಬಿಡಿಸಿದರೆ ಗುಂಪಾಗಿ ಕೂತಿರುತ್ತದೆ, ಜೊತೆಗೆ ಇರುವೆ ಓಡಾಡುತ್ತಿರುತ್ತದೆ. ರೋಗದ ಗಿಡದ ರಸ ಕೆಲವು ಗಂಟೆ ಹೀರಿದರೆ ಸಾಕು, ಆ ಹೇನು ಸಾಯುವವರೆಗೂ ವೈರಸ್ ಹೊತ್ತು ತಿರುಗುತ್ತದೆ.

ಆದರೆ ಹೇನು ದೂರ ಹೋಗುವುದು ಕಡಿಮೆ. ಇಲ್ಲಿನ ತೋಟಗಳಲ್ಲಿ ಹಿಂದೆಯೇ ಅಳೆದು ನೋಡಿದ್ದಾರೆ. ಹೊಸದಾಗಿ ರೋಗ ಬಂದ ಗಿಡಗಳಲ್ಲಿ ಮೂರರಲ್ಲಿ ಎರಡು ಪಾಲು, ಹತ್ತಿರದ ರೋಗದ ಗಿಡದಿಂದ 20 ಮೀಟರ್ ಒಳಗೇ ಇದ್ದವು. 100 ಮೀಟರ್ ದಾಟಿ ಹೋದದ್ದು ತೀರಾ ಅಪರೂಪ. ಹಾಗಾದರೆ ಈ ರೋಗ ಸಮುದ್ರ ದಾಟಿದ್ದು ಹೇಗೆ? ಮನುಷ್ಯರ ಕೈಯಿಂದ, ಕಂದಿನ ಜೊತೆ. ಫಿಜಿಯಲ್ಲಿ ಈ ರೋಗ 1889ರಲ್ಲೇ ದಾಖಲಾಗಿತ್ತು. 1913ರ ಸುಮಾರಿಗೆ ಅಲ್ಲಿಂದ ನಾಟಿಗೆ ಅಂತ ತಂದ ಕಂದಿನಲ್ಲಿ ಆಸ್ಟ್ರೇಲಿಯಾಕ್ಕೆ ಬಂತು. ಹತ್ತು ಹನ್ನೆರಡು ವರ್ಷದಲ್ಲಿ ಈ ಕಣಿವೆಯ ಬಹುಪಾಲು ತೋಟಗಳು ಹಾಳಾಗಿ, ಜನ ಬಿಟ್ಟು ಹೋದರು. ನಮ್ಮ ದೇಶಕ್ಕೆ ಬಂದದ್ದೂ ಹೀಗೇ, 1940ರ ಸುಮಾರಿಗೆ ಶ್ರೀಲಂಕಾದಿಂದ ಕೇರಳಕ್ಕೆ. ತಮಿಳುನಾಡಿನ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆಯನ್ನು ಅದು ಹೇಗೆ ತಿಂದುಹಾಕಿತು ಅಂತ ನೀನೂ ಕೇಳಿರುತ್ತೀಯ.

ಆ ಸ್ನೇಹಿತರ ತೋಟ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅವರು ಪ್ರೀತಿಯಿಂದಲೇ ಕೊಡುತ್ತಾರೆ. ಕಷ್ಟ ಇರುವುದೇ ಅಲ್ಲಿ. ಹೇನು ಕಚ್ಚಿದ ಮೇಲೆ ಗುರುತು ಕಾಣಿಸಲು ವಾರಗಟ್ಟಲೆ ಬೇಕು, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅಷ್ಟರೊಳಗೆ ಗಡ್ಡೆಗೆ ಇಳಿದು ಅದೇ ಬುಡದ ಕಂದುಗಳಿಗೆಲ್ಲ ಹರಡುತ್ತದೆ. ಕೊಡುವವರ ಕಣ್ಣಿಗೂ ಕಾಣುವುದಿಲ್ಲ, ತರುವವರ ಕಣ್ಣಿಗೂ ಕಾಣುವುದಿಲ್ಲ. ಕಂದನ್ನು ತೊಳೆದರೆ ಹೇನು ಹೋಗಬಹುದು, ಒಳಗಿನ ವೈರಸ್ ಹೋಗುವುದಿಲ್ಲ.

ಇಲ್ಲಿಯವರು ಇದರಿಂದ ಹೇಗೆ ಹೊರಬಂದರು ಅನ್ನುವುದು ನನಗೆ ತುಂಬ ದೊಡ್ಡ ವಿಷಯ ಅನ್ನಿಸುತ್ತದೆ. 1920ರ ದಶಕದಲ್ಲಿ ಮಗೀ ಎಂಬ ಯುವ ವಿಜ್ಞಾನಿ ಈ ಭಾಗದಲ್ಲೇ ಕೆಲಸ ಮಾಡಿ, ರೋಗ ಹರಡುವುದು ಹೇನಿನಿಂದ ಮತ್ತು ಕಂದಿನಿಂದ ಅಂತ ತೋರಿಸಿದರು. ಆಗ ವೈರಸ್ಸನ್ನು ಯಾರೂ ಕಣ್ಣಿನಲ್ಲಿ ಕಂಡಿರಲಿಲ್ಲ. ಆದರೂ ಅಷ್ಟು ಗೊತ್ತಾದದ್ದೇ ಸಾಕಾಯಿತು. ರೋಗದ ಬುಡ ಕಂಡ ತಕ್ಷಣ ನಾಶ ಮಾಡಬೇಕು, ಪಾಳು ಬಿಟ್ಟ ತೋಟವನ್ನೂ ತೆಗೆಯಬೇಕು, ಕಂದು ಸಾಗಿಸಲು ಅನುಮತಿ ಬೇಕು ಅಂತ ಕಾನೂನು ಬಂತು. ಬಾಳೆ ಮತ್ತೆ ಎದ್ದು ನಿಂತಿತು. ಈಗ ಈ ದೇಶದ ಬಾಳೆಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಬೆಳೆಯುವುದು ಉತ್ತರ ಕ್ವೀನ್ಸ್‌ಲ್ಯಾಂಡಿನ ಟಲ್ಲಿ, ಇನ್ನಿಸ್‌ಫೇಲ್ ಕಡೆ. ಇಲ್ಲಿಂದ ಅಲ್ಲಿಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಆ ಭಾಗದಲ್ಲಿ ಈ ರೋಗ ಇಲ್ಲ. ಅದಕ್ಕೇ ನಮ್ಮಂಥವರು ಇಲ್ಲಿ ಗುಡ್ಡ ಹತ್ತುವುದು.

ಪಾಳು ತೋಟ ಅಂದಾಗ ನಮ್ಮ ಏಲಕ್ಕಿ ನೆನಪಾಗುತ್ತದೆ. ಅಪ್ಪ ಕಟ್ಟೆ ರೋಗ ಬಂದ ಬುಡಗಳನ್ನು ಎಷ್ಟು ಕೀಳಿಸಿದರು! ಆದರೂ ಆಚೆ ಪಕ್ಕದ, ಯಾರೂ ನೋಡಿಕೊಳ್ಳದ ಏಲಕ್ಕಿಯಿಂದ ಮತ್ತೆ ಬರುತ್ತಿತ್ತು. ಅದು ಬೇರೆ ವೈರಸ್, ಆದರೆ ಅದನ್ನು ಹೊರುವುದೂ ಬಾಳೆ ಹೇನಿನ ಹತ್ತಿರದ ಬಳಗವೇ. ಒಬ್ಬರೇ ಕಿತ್ತರೆ ಆಗುವುದಿಲ್ಲ ಅಣ್ಣ. ನೀನು ಬೆಳೆಗಾರರ ಸಂಘದಲ್ಲಿ ಇದ್ದೀಯ, ನಿನ್ನ ಮಾತು ನಾಲ್ಕು ಜನ ಕೇಳುತ್ತಾರೆ. ಈ ಮಾತನ್ನು ಅಲ್ಲಿ ಎತ್ತು. ಏಲಕ್ಕಿ ಮರುನಾಟಿ ಮಾಡುವುದಾದರೆ ಅಪ್ಪಂಗಳದ ಸಂಶೋಧನಾ ಕೇಂದ್ರದಲ್ಲಿ ಕಟ್ಟೆ ರೋಗ ತಡೆಯುವ 'ವಿಜೇತ' ತಳಿಯ ಬಗ್ಗೆ ಕೇಳು.

ಬಾಳೆಗೆ ಟಿಶ್ಯೂ ಕಲ್ಚರ್ ಗಿಡ ತೆಗೆದುಕೋ. ಆದರೆ ಟಿಶ್ಯೂ ಕಲ್ಚರ್ ಅಂದ ಮಾತ್ರಕ್ಕೆ ನಂಬಬೇಡ. ತಾಯಿ ಗಿಡದಲ್ಲಿ ವೈರಸ್ ಇದ್ದರೆ ಲ್ಯಾಬಿನಿಂದ ಬರುವ ಸಾವಿರ ಗಿಡಕ್ಕೂ ಅದು ಬರಬಹುದು. ವೈರಸ್ ಪರೀಕ್ಷೆ ಆಗಿದೆ ಅನ್ನುವ ಪ್ರಮಾಣಪತ್ರ ಕೇಳು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಇದಕ್ಕೆ ಅಂತಲೇ ಒಂದು ವ್ಯವಸ್ಥೆ ಮಾಡಿದೆ. ಪತ್ರ ತೋರಿಸದವರ ಹತ್ತಿರ ಕೊಳ್ಳಬೇಡ, ಗಿಡಕ್ಕೆ ಎರಡು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ.

ಅಮ್ಮ ಇಲ್ಲಿಗೆ ಬರುವಾಗ ಬ್ಯಾಗಿನಲ್ಲಿ ಕರಿಬೇವು, ವೀಳ್ಯದೆಲೆ, ಹಸಿ ಅಡಿಕೆ ಏನೂ ಇಡಬೇಡಿ. ಕರಿಬೇವಿನ ಗಿಡದಲ್ಲಿ ಬದುಕುವ ಒಂದು ಚಿಕ್ಕ ಜಿಗಿ ಹುಳು ಕಿತ್ತಳೆ, ನಿಂಬೆಗೆ ಗ್ರೀನಿಂಗ್ ರೋಗ ಅಂಟಿಸುತ್ತದೆ. ನಮ್ಮ ಕೊಡಗಿನ ಕಿತ್ತಳೆ ತೋಟಗಳು ಹೋದದ್ದಕ್ಕೆ ಅದೂ ಒಂದು ಕಾರಣ. ಈ ದೇಶದಲ್ಲಿ ಆ ರೋಗವೂ ಇಲ್ಲ, ಆ ಹುಳುವೂ ಇಲ್ಲ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿಂಡಿ, ಮಸಾಲೆ, ಬೀಜ ಎಲ್ಲದಕ್ಕೂ ಹೌದು ಅಂತ ಗುರುತು ಹಾಕಲು ಅಮ್ಮನಿಗೆ ಹೇಳಿಕೊಡು. ಹೇಳಿದರೆ ನೋಡಿ, ಬೇಡದ್ದನ್ನು ಇಟ್ಟುಕೊಂಡು ಕಳುಹಿಸುತ್ತಾರೆ. ಮುಚ್ಚಿಟ್ಟರೆ ದೊಡ್ಡ ದಂಡ. ಕರಿಬೇವು ಇಲ್ಲೇ ಬೆಳೆದದ್ದು ಸಿಗುತ್ತದೆ, ಅಮ್ಮ ಅದರ ಚಿಂತೆ ಮಾಡುವುದು ಬೇಡ.

ಇನ್ನೊಂದು ಕೆಲಸ. ಕೊಟ್ಟಿಗೆ ಹಿಂದಿನ ಹಳೆ ಬಾಳೆಯಲ್ಲಿ ಎರಡು ಬುಡ ಗಿಡ್ಡವಾಗಿಯೇ ಉಳಿದಿವೆ ಅಂತ ಅತ್ತಿಗೆ ಹೇಳಿದರು. ಗೊಬ್ಬರ ಕಡಿಮೆಯಾಗಿಯೂ ಇರಬಹುದು. ಅವುಗಳ ಹೊಸ ಎಲೆಯ ಹಿಂಭಾಗದ ಫೋಟೋ, ತೊಟ್ಟಿನ ಫೋಟೋ ತೆಗೆದು ಕಳುಹಿಸು. ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರಿಗೂ ತೋರಿಸು. ರೋಗವೇ ಅಂತಾದರೆ ಆತುರಕ್ಕೆ ಕಡಿಯಬೇಡ. ಕಡಿದ ಕೂಡಲೇ ಹೇನುಗಳು ಪಕ್ಕದ ಗಿಡಕ್ಕೆ ಹೋಗುತ್ತವೆ. ಮೊದಲು ಹೇನು ಸಾಯಿಸಬೇಕು, ಆಮೇಲೆ ಗಿಡ, ಕೊನೆಗೆ ಗಡ್ಡೆಯ ಒಂದು ಚೂರೂ ಉಳಿಯದ ಹಾಗೆ ಅಗೆದು ತೆಗೆಯಬೇಕು. ಯಾವ ಔಷಧಿ, ಎಷ್ಟು ಅಂತ ಅವರೇ ಹೇಳುತ್ತಾರೆ. ಅಲ್ಲಿವರೆಗೆ ಆ ಬುಡಗಳ ಕಂದು ಕೇಳಿದವರಿಗೆ ಕೊಡಬೇಡಿ, ಚಿಕ್ಕಮ್ಮ ಕೇಳಿದರೂ ಸರಿ.

ಫೋಟೋ ಭಾನುವಾರದೊಳಗೆ ಕಳುಹಿಸಿದರೆ ಅವತ್ತೇ ನೋಡಿ ಹೇಳುತ್ತೇನೆ.

ನಿನ್ನ ಪ್ರೀತಿಯ ತಂಗಿ